ಆಟದ ಕಾರಿನ ಬೆಳ್ಳಿ ಹೊಳಪು

ನವರಾತ್ರಿಗೆ ಇನ್ನೆರಡು ದಿನ ಉಳಿದಿರುವಾಗ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಪಟ್ಟದ ಗೊಂಬೆಗಳು, ಮದುವೆಯ ದಿಬ್ಬಣ, ದಿನಸಿ ಅಂಗಡಿಯ ಶೆಟ್ಟಿ ದಂಪತಿಗಳು ಹಳೆಯ ಪಂಚೆಯ ತುಂಡುಗಳ ನಡುವಿನಿಂದ ಒಂದೊಂದಾಗಿ ಹೊರಬರುತ್ತಾರೆ. ಅವುಗಳ ಜೊತೆಯಲ್ಲಿ, ಗೊಂಬೆಗಳ ಮೆಟ್ಟಿಲಿನ ಕೆಳಗೆ ರಾಗಿಯ ಪೈರು ಬೆಳೆಸಿ ರಚಿಸುವ ಉದ್ಯಾನದ ರಸ್ತೆಗೆಂದು, ಒಂದೆರಡು ಆಟದ ಮೋಟಾರು ಕಾರುಗಳೂ ಇರುವುದುಂಟು.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯರು ಏಳು ವರ್ಷದ ಬಾಲಕರಾಗಿದ್ದಾಗ ಇಂಗ್ಲೆಂಡಿನಿಂದ ಹಿಂದಿರುಗಿದ ಸೋದರಮಾವ ತಂದುಕೊಟ್ಟ ಕಾರು ಅದು. ಅಂಗೈಯಷ್ಟು ಉದ್ದ, ನೀಲಿ ಬಣ್ಣ, ಮುಂಭಾಗದಲ್ಲಿ ಬೆಳ್ಳಿಯಂತೆ ಹೊಳೆಯುವ ಜಾಲರಿ ಮತ್ತು ಬಂಪರು. ಸೊಸೆ ದೀಪದ ಕಂಬಗಳನ್ನು ಹುಣಸೆಹಣ್ಣಿನಿಂದ ಬೆಳಗಿದ ಉತ್ಸಾಹದಲ್ಲಿಯೇ ಕಾರಿನ ಮುಂಭಾಗವನ್ನೂ ಹಲ್ಲುಪುಡಿ ಹಾಕಿ ತಿಕ್ಕುತ್ತಾಳೆ. ಬಟ್ಟೆ ಕಪ್ಪಾಗುತ್ತದೆ. ಕೊಳೆ ಬಿಡುತ್ತಿದೆಯೆಂದು ಇನ್ನಷ್ಟು ತಿಕ್ಕುತ್ತಾಳೆ. ತೊಳೆದು ನೋಡಿದರೆ ಬೆಳ್ಳಿ ಇಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಮಾತ್ರ ಉಳಿದಿದೆ.

"ಮಾವ, ಕೊಳೆ ಬಿಟ್ಟಿತೆಂದುಕೊಂಡೆ, ಹೊಳಪೇ ಬಿಟ್ಟುಹೋಯಿತು."

"ಹೋಗಲಿ ಬಿಡಮ್ಮ, ಇಷ್ಟು ವರ್ಷ ಹೊಳೆಯಿತಲ್ಲ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆದರೆ ಕಾರನ್ನು ಕಿಟಕಿಯ ಬಳಿಗೆ ಒಯ್ದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಸೊಸೆಯ ಶ್ರದ್ಧೆಯಲ್ಲಿ ದೋಷವಿರಲಿಲ್ಲ. ಹಿತ್ತಾಳೆಗೆ ಸಲ್ಲುವ ಉಪಚಾರ ಎಲ್ಲ ಹೊಳಪಿಗೂ ಸಲ್ಲುವುದಿಲ್ಲವೆಂಬ ಒಂದು ಮಾತು ಅವಳಿಗೆ ತಿಳಿದಿರಲಿಲ್ಲ, ಅಷ್ಟೆ.

ಬಣ್ಣದ ಹೆಸರು ಪಡೆದ ಬಿಳಿಯ ಲೋಹ

ಕ್ರೋಮಿಯಂ ಲೋಹವನ್ನು ಜಗತ್ತಿಗೆ ಪರಿಚಯಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ನಿಕೊಲಾ ಲೂಯಿ ವೊಕ್ಲಾಂ. 1797ರಲ್ಲಿ ಆತ ರಷ್ಯದಿಂದ ಬಂದ ಕೆಂಪು ಸೀಸದ ಖನಿಜವೊಂದನ್ನು ಪರೀಕ್ಷಿಸುತ್ತಿರುವಾಗ ಅದರಲ್ಲಿ ಹೊಸ ಲೋಹವೊಂದು ಅಡಗಿರುವುದನ್ನು ಕಂಡುಹಿಡಿದನು. ಅದರ ಲವಣಗಳು ಹಳದಿ, ಕೆಂಪು, ಹಸಿರು ಎಂದು ನಾನಾ ವರ್ಣಗಳನ್ನು ತಾಳುವುದರಿಂದ, ಬಣ್ಣವೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಹೆಸರಾಯಿತು. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಈ ಲೋಹದ ಅಲ್ಪಾಂಶವೇ ಕಾರಣ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಸುತ್ತಿನ ನೆಲದಲ್ಲಿಯೂ ಇದರ ಅದಿರಾದ ಕ್ರೋಮೈಟ್ ದೊರೆಯುತ್ತದೆ.

ವಿದ್ಯುತ್ತಿನ ಸಹಾಯದಿಂದ ಇತರ ಲೋಹಗಳ ಮೇಲೆ ಕ್ರೋಮಿಯಂ ಲೇಪಿಸುವ ವಿದ್ಯೆ 1920ರ ದಶಕದಲ್ಲಿ ಕಾರ್ಖಾನೆಗಳಿಗೆ ಬಂದಿತು. ಬಲುಬೇಗ ಮೋಟಾರು ಕಾರಿನ ಬಂಪರು, ದೀಪದ ಬಳೆ, ಜಾಲರಿಗಳೆಲ್ಲ ಅದರ ಹೊಳಪನ್ನು ತೊಟ್ಟುಕೊಂಡವು. ದೊಡ್ಡ ಕಾರಿಗೆ ಬಂದ ಅಲಂಕಾರ ಚಿಕ್ಕ ಕಾರಿಗೆ ಬರದೆ ಇರುತ್ತದೆಯೆ? ಲಿವರ್‌ಪೂಲ್ ನಗರದ ಮೆಕ್ಕಾನೋ ಕಂಪನಿಯ ಪುಟ್ಟ ವಾಹನಗಳು 1934ರಲ್ಲಿ 'ಡಿಂಕಿ ಟಾಯ್ಸ್' ಎಂಬ ಹೆಸರನ್ನು ಪಡೆದವು. ಲಂಡನ್ನಿನ ಲೆಸ್ನಿ ಕಂಪನಿ 1953ರಲ್ಲಿ ಬೆಂಕಿಪೊಟ್ಟಣದಂಥ ಪೆಟ್ಟಿಗೆಯಲ್ಲಿಟ್ಟು 'ಮ್ಯಾಚ್‌ಬಾಕ್ಸ್' ವಾಹನಗಳನ್ನು ಮಾರಾಟಕ್ಕೆ ತಂದಿತು. 1956ರಲ್ಲಿ ವೇಲ್ಸಿನ ಸ್ವಾನ್‌ಸಿ ನಗರದಿಂದ 'ಕಾರ್ಗಿ' ಕಾರುಗಳು ಹೊರಟವು. ಅವುಗಳ ಕಿಟಕಿಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಇದ್ದುದೇ ಆಗ ದೊಡ್ಡ ಆಕರ್ಷಣೆ. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ 'ಹಾಟ್ ವೀಲ್ಸ್' ಎಂಬ 16 ಕಾರುಗಳ ಮೊದಲ ಸಾಲನ್ನು ಹೊರತಂದಾಗ ಹೊಳಪು ಬಂಪರಿಗಷ್ಟೇ ನಿಲ್ಲಲಿಲ್ಲ. ಕಾರಿನ ಇಡೀ ಮೈಯನ್ನೇ ಥಳಥಳಿಸುವಂತೆ ಮಾಡಿ, ಅದರ ಮೇಲೆ ಗಾಜಿನಂಥ ತಿಳಿ ಬಣ್ಣವನ್ನು ಹೊದಿಸಿದರು.

ಲಿವರ್‌ಪೂಲಿನ ಡಿಂಕಿ ಕಾರ್ಖಾನೆ 1979ರಲ್ಲಿ ಮುಚ್ಚಿತು. ಲೆಸ್ನಿ ಕಂಪನಿ 1982ರಲ್ಲಿ ದಿವಾಳಿಯಾಯಿತು. ಅಂದಿನ ಅಚ್ಚುಗಳಿಂದ ಅಂದಿನ ಕೈಗಳು ಮಾಡಿದ ಆಟಿಕೆ ಇನ್ನೊಂದು ಹುಟ್ಟುವುದಿಲ್ಲ. ಆದುದರಿಂದಲೇ ಉಳಿದಿರುವುದನ್ನು ಕೆಡಿಸದಂತೆ ಕಾಪಾಡುವ ವಿಷಯ ವಿಚಾರಾರ್ಹವಾಗಿದೆ.

ಹೊಳೆಯುವುದೆಲ್ಲ ಕ್ರೋಮಿಯಂ ಅಲ್ಲ

ಆಟಿಕೆಯ ಮೇಲೆ ಬೆಳ್ಳಿಯಂತೆ ಕಾಣುವ ಹೊಳಪಿನಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು.

ಮೊದಲನೆಯದು ಲೋಹದ ಮೇಲಿನ ನಿಜವಾದ ಲೇಪ. ಎರಡನೆಯ ಮಹಾಯುದ್ಧದ ಅನಂತರ ಜಪಾನಿನಲ್ಲಿ ತಯಾರಾದ ತಗಡಿನ ಕಾರುಗಳ ಬಂಪರುಗಳೂ ಮಕ್ಕಳು ಕುಳಿತು ತುಳಿಯುವ ಕಾರುಗಳ ಅಲಂಕಾರಗಳೂ ಬಹುಮಟ್ಟಿಗೆ ಈ ಜಾತಿಯವು. ಇಲ್ಲಿ ಹೊಳಪನ್ನು ಕೊಡುವುದು ಹೆಚ್ಚಾಗಿ ಒಳಗಿನ ನಿಕ್ಕಲ್ ಪದರ. ಅದರ ಮೇಲೆ ಕ್ರೋಮಿಯಂ ತೆಳುವಾದ ಕಾವಲುಗಾರನಂತೆ ಕುಳಿತಿರುತ್ತದೆ. ಅಲಂಕಾರದ ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದ ಅರ್ಧವನ್ನೂ ಮೀರುವುದಿಲ್ಲ. ಅಂದರೆ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿಗಿಂತಲೂ ಕಡಮೆ.

ಎರಡನೆಯದು ಪ್ಲಾಸ್ಟಿಕ್ಕಿನ ಮೇಲಿನ ಹೊಳಪು. ಜನ ಇದನ್ನೂ ಕ್ರೋಮ್ ಎಂದೇ ಕರೆಯುತ್ತಾರೆ. ಆದರೆ ಬಹುತೇಕ ಆಟಿಕೆಗಳಲ್ಲಿ ಇದು ಕ್ರೋಮಿಯಂ ಅಲ್ಲ, ಅಲ್ಯುಮಿನಿಯಂ. ಗಾಳಿಯನ್ನು ಹೊರಸೆಳೆದ ಕೋಣೆಯೊಳಗೆ ಅಲ್ಯುಮಿನಿಯಂ ಅನ್ನು ಕಾಯಿಸಿ ಆವಿಮಾಡಿದಾಗ ಅದು ಪ್ಲಾಸ್ಟಿಕ್ ಭಾಗಗಳ ಮೇಲೆ ಹಿಮದಂತೆ ಇಳಿದು ಕನ್ನಡಿಯಾಗುತ್ತದೆ. ಅದರ ಮೇಲೆ ತೆಳುವಾದ ಮೆರುಗೆಣ್ಣೆಯನ್ನು ಹೊಡೆದಿರುತ್ತಾರೆ. ಈ ಅಲ್ಯುಮಿನಿಯಂ ಪದರ ಮೇಲೆ ಹೇಳಿದ ಕ್ರೋಮಿಯಂ ಪದರಕ್ಕಿಂತಲೂ ತೆಳು. ಸೊಸೆಯ ಕೈಯಲ್ಲಿದ್ದ ಬಟ್ಟೆಗೆ ಅಂಟಿದ ಕಪ್ಪು, ಕೊಳೆಯಲ್ಲ, ಇದೇ ಕನ್ನಡಿಯ ಪುಡಿ.

ಮೂರನೆಯದು ಬರಿಯ ಬೆಳ್ಳಿ ಬಣ್ಣ. ಹಳೆಯ ಡಿಂಕಿ, ಮ್ಯಾಚ್‌ಬಾಕ್ಸ್ ಕಾರುಗಳ ಬಂಪರು, ದೀಪಗಳಿಗೆ ಅನೇಕ ವೇಳೆ ಹಚ್ಚಿದ್ದುದು ಇದನ್ನೇ.

ಇವನ್ನು ಗುರುತಿಸುವುದು ಕಷ್ಟವಲ್ಲ. ಚಿಕ್ಕ ಅಯಸ್ಕಾಂತವನ್ನು ಹತ್ತಿರ ಹಿಡಿದಾಗ ಎಳೆದುಕೊಂಡರೆ ಕೆಳಗಿರುವುದು ಉಕ್ಕು ಅಥವಾ ತಗಡು. ಎಳೆಯದಿದ್ದರೆ ಸತುವಿನ ಎರಕವಾಗಲಿ ಪ್ಲಾಸ್ಟಿಕ್ಕಾಗಲಿ ಇರಬೇಕು. ಉಗುರಿನಿಂದ ಮೆಲ್ಲನೆ ತಟ್ಟಿದರೆ ಪ್ಲಾಸ್ಟಿಕ್ಕಿನ ದನಿಯೇ ಬೇರೆ. ಸವೆದ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ: ನಸುಹಳದಿಯ ಛಾಯೆ ಕಂಡರೆ ನಿಕ್ಕಲ್; ಬೂದು, ಬಿಳಿ, ಕಪ್ಪು ಪ್ಲಾಸ್ಟಿಕ್ ಇಣುಕಿದರೆ ಆವಿಯ ಲೇಪ; ಕುಂಚದ ಗೆರೆಯಾಗಲಿ ಕಾರಿನ ಮೈಬಣ್ಣವಾಗಲಿ ಕಂಡರೆ ಬೆಳ್ಳಿ ಬಣ್ಣ. ಸಂದೇಹವಿದ್ದರೆ ಎಲ್ಲಕ್ಕಿಂತ ಕೋಮಲವಾದ ಪ್ಲಾಸ್ಟಿಕ್ಕೆಂದೋ ಬಣ್ಣವೆಂದೋ ತಿಳಿದು ನಡೆಯುವುದೇ ಕ್ಷೇಮ.

ಶುಚಿ ಮಾಡುವ ಕ್ರಮ

ಯಾವ ಬಗೆಯಾದರೂ ಮೊದಲ ಕೆಲಸ ಒಂದೇ: ಒಣ ಧೂಳನ್ನು ತೆಗೆಯುವುದು. ಧೂಳೆಂಬುದು ಸಣ್ಣ ಮರಳು. ಒದ್ದೆ ಬಟ್ಟೆಯಿಂದ ಒರೆಸಿದರೆ ಅದೇ ಉಜ್ಜುಕಾಗದವಾಗುತ್ತದೆ. ಚಿತ್ರಕಾರರ ಮೃದುವಾದ ಕುಂಚದಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಗುಡಿಸಬೇಕು. ಬೆಳ್ಳಿ ಬಣ್ಣದ ಆಟಿಕೆಗೆ ಇಷ್ಟೇ ಸಾಕು; ಇದಕ್ಕಿಂತ ಮುಂದೆ ಹೋಗಬಾರದು.

ಪ್ಲಾಸ್ಟಿಕ್ಕಿನ ಹೊಳಪಿಗೆ ಹತ್ತಿಯ ತುದಿಯುಳ್ಳ ಕಡ್ಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಕೊಳೆಯ ಮೇಲೆ ಉರುಳಿಸಬೇಕು, ಉಜ್ಜಬಾರದು. ಜಿಡ್ಡು ಬಿಡದಿದ್ದರೆ ಒಂದು ಬಟ್ಟಲು ನೀರಿಗೆ ಸೌಮ್ಯವಾದ ದ್ರವ ಸಾಬೂನಿನ ಒಂದು ತೊಟ್ಟನ್ನು ಸೇರಿಸಬಹುದು. ಅನಂತರ ಶುದ್ಧ ನೀರಿನ ಇನ್ನೊಂದು ಕಡ್ಡಿಯನ್ನು ಉರುಳಿಸಿ, ಮೃದುವಾದ ಬಟ್ಟೆಯನ್ನು ಒತ್ತಿ ತೇವ ತೆಗೆಯಬೇಕು. ಮೊದಲ ಪ್ರಯೋಗ ಕಣ್ಣಿಗೆ ಬೀಳದ ಮೂಲೆಯಲ್ಲಿ ಆಗತಕ್ಕದ್ದು. ಹತ್ತಿಗೆ ಬೆಳ್ಳಿಯ ಕಲೆ ತಗಲಿದರೆ ಆ ಕ್ಷಣವೇ ನಿಲ್ಲಿಸಬೇಕು.

ಉಕ್ಕಿನ ಮೇಲಿನ ನಿಜವಾದ ಕ್ರೋಮಿಯಂ ಲೇಪ ಇವೆಲ್ಲಕ್ಕಿಂತ ಗಟ್ಟಿ. ಕ್ರೋಮಿಯಂ ತಾನಾಗಿ ತುಕ್ಕು ಹಿಡಿಯುವುದಿಲ್ಲ. ಆದರೆ ಪದರದ ಸೂಕ್ಷ್ಮ ರಂಧ್ರಗಳಿಂದ ತೇವ ಒಳಹೊಕ್ಕು ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ಮೇಲೆ ಕಾಣುವ ಕಂದು ಚುಕ್ಕೆಗಳು ಒಳಗಿನ ರೋಗದ ಚಿಹ್ನೆ. ಹೊಲಿಗೆಯಂತ್ರಕ್ಕೆ ಬಿಡುವ ತೆಳುವಾದ ಎಣ್ಣೆಯ ಒಂದು ಹನಿಯನ್ನು ಚುಕ್ಕೆಯ ಮೇಲಿಟ್ಟು ಕೆಲವು ಗಂಟೆ ಬಿಟ್ಟು, ಮರದ ಹಲ್ಲುಕಡ್ಡಿಯ ತುದಿಯಿಂದ ತುಕ್ಕನ್ನು ಬಿಡಿಸಬಹುದು. ಅದಕ್ಕೂ ಜಗ್ಗದಿದ್ದರೆ ಅಲ್ಯುಮಿನಿಯಂ ಹಾಳೆಯ ಸಣ್ಣ ಚೂರನ್ನು ಮುದುರಿ, ನೀರಿನಲ್ಲಿ ಅದ್ದಿ, ಹಗುರವಾಗಿ ಆಡಿಸುವುದು ವಾಡಿಕೆ. ಅಲ್ಯುಮಿನಿಯಂ ಕ್ರೋಮಿಯಂಗಿಂತ ಬಹಳ ಮೃದುವಾದುದರಿಂದ ತುಕ್ಕು ಹೋಗುತ್ತದೆ, ಗಟ್ಟಿಯಾಗಿರುವ ಲೇಪ ಉಳಿಯುತ್ತದೆ. ಲೇಪ ಸಿಪ್ಪೆಯೇಳುತ್ತಿದ್ದರೆ ಈ ಪ್ರಯೋಗ ಕೂಡದು. ಪಕ್ಕದಲ್ಲಿರುವ ಬಣ್ಣದ ಚಿತ್ರಕ್ಕೆ ಹಾಳೆ ತಾಗದಂತೆಯೂ ನೋಡಿಕೊಳ್ಳಬೇಕು. ಕೊನೆಗೆ ಪೂರ್ತಿ ಒಣಗಿಸಿ, ಮೇಣವನ್ನು ತೆಳುವಾಗಿ ಸವರಿ ಒರೆಸಿದರೆ ರಂಧ್ರಗಳಿಗೆ ತೇವ ಇಳಿಯುವುದು ತಡೆಯುತ್ತದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಾಲಯದಲ್ಲಿ 1950ರ ದಶಕದಲ್ಲಿ ಸಿದ್ಧವಾದ 'ರೆನೆಸಾನ್ಸ್' ಮೇಣವನ್ನು ಸಂಗ್ರಾಹಕರು ಇದಕ್ಕೆ ಬಳಸುತ್ತಾರೆ. ಮೇಣವನ್ನು ಕರಗಿಸಿರುವ ದ್ರಾವಕ ಮೆರುಗೆಣ್ಣೆಯನ್ನು ಕೆಡಿಸಬಹುದಾದುದರಿಂದ ಪ್ಲಾಸ್ಟಿಕ್ಕಿನ ಹೊಳಪಿಗೆ ಅದು ಬೇಡ.

ಸತುವಿನ ಎರಕದ ಮೇಲೆ ಲೇಪ ಗುಳ್ಳೆ ಎದ್ದಿದ್ದರೆ ಅದನ್ನು ಒತ್ತಬಾರದು, ಚುಚ್ಚಬಾರದು. ಒಳಗಿನ ಸತು ಆಗಲೇ ಸವೆಯತೊಡಗಿದೆಯೆಂದು ತಿಳಿದು, ಆಟಿಕೆಯನ್ನು ಒಣಗಿದ ಜಾಗದಲ್ಲಿಟ್ಟು ಕಾಪಾಡುವುದೊಂದೇ ಉಪಾಯ.

ಅಡುಗೆಮನೆಯ ಮದ್ದುಗಳು

ಹುಣಸೆಹಣ್ಣು, ನಿಂಬೆರಸ, ವಿನಿಗರ್‌ಗಳ ಹುಳಿ ಸತುವನ್ನು ಕರಗಿಸುತ್ತದೆ. ಬೂದಿ, ರಂಗೋಲಿ ಪುಡಿ, ಹಲ್ಲುಪುಡಿ, ಉಕ್ಕಿನ ನಾರು ಗೀರುತ್ತವೆ. ಸೋಡಾ, ಬಟ್ಟೆ ಬಿಳುಪುಮಾಡುವ ದ್ರವ, ಅಮೋನಿಯ ಬೆರೆತ ಗಾಜಿನ ದ್ರಾವಣಗಳು ಅಲ್ಯುಮಿನಿಯಂ ಕನ್ನಡಿಗೆ ಶತ್ರುಗಳು. ಮಾದರಿ ವಾಹನಗಳನ್ನು ಜೋಡಿಸುವ ಹವ್ಯಾಸಿಗಳು ಬೇಡವಾದ ಹೊಳಪನ್ನು ಬೇಕೆಂದೇ ತೆಗೆಯಲು ಬಿಳುಪಿನ ದ್ರವದಲ್ಲಿ ಭಾಗಗಳನ್ನು ಮುಳುಗಿಸಿಡುತ್ತಾರೆ ಎಂದರೆ ಅದರ ಶಕ್ತಿಯನ್ನು ಊಹಿಸಬಹುದು. ಇಡೀ ಆಟಿಕೆಯನ್ನು ನೀರಿನಲ್ಲಿ ಮುಳುಗಿಸುವುದೂ ತಪ್ಪು; ಅಚ್ಚು, ಸ್ಪ್ರಿಂಗುಗಳ ಸಂದಿಯಲ್ಲಿ ನಿಂತ ನೀರು ಒಳಗಿಂದೊಳಗೇ ತುಕ್ಕನ್ನು ಬೆಳೆಸುತ್ತದೆ.

ಇನ್ನೊಂದು ಎಚ್ಚರಿಕೆ ಆಟಿಕೆಗಿಂತ ಹೆಚ್ಚಾಗಿ ಮಕ್ಕಳಿಗೆ ಸಂಬಂಧಪಟ್ಟದ್ದು. ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಅದನ್ನು ಕೆರೆಯಬಾರದು, ಬಾಯಿಗೆ ಇಟ್ಟುಕೊಳ್ಳುವ ವಯಸ್ಸಿನ ಕೂಸಿನ ಕೈಗೆ ಕೊಡಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಮನೆಯಲ್ಲಿಯೇ ಕ್ರೋಮಿಯಂ ಲೇಪಿಸುವ ಸಾಹಸವಂತೂ ಸರ್ವಥಾ ಸಲ್ಲದು. ಲೇಪವಾಗಿ ಕುಳಿತ ಲೋಹ ನಿರಪಾಯಕರವಾದರೂ, ಆ ಕೆಲಸಕ್ಕೆ ಬಹುಕಾಲದಿಂದ ಬಳಸುತ್ತ ಬಂದ ಕ್ರೋಮಿಕ್ ಆಮ್ಲ ವಿಷ; ಕ್ಯಾನ್ಸರಿಗೆ ಕಾರಣವಾಗುವಂಥದು.

ಕಾಪಾಡುವ ಬಗೆ

ಬೆರಳಿನ ಬೆವರಿನಲ್ಲಿ ಉಪ್ಪೂ ಜಿಡ್ಡೂ ಇರುವುದರಿಂದ ಹೊಳೆಯುವ ಭಾಗವನ್ನು ಹಿಡಿಯದೆ ಕಾರಿನ ತಳವನ್ನು ಹಿಡಿಯಬೇಕು. ಬ್ಯಾಟರಿಯಿಂದ ಓಡುವ ಆಟಿಕೆಯಾದರೆ ಬ್ಯಾಟರಿಯನ್ನು ತೆಗೆದಿಡಬೇಕು. ಸೋರಿದರೆ ತಗಡನ್ನು ತಿಂದುಹಾಕುತ್ತದೆ. ಬಿಸಿಲು ಮೆರುಗೆಣ್ಣೆಯನ್ನು ಹಳದಿಯಾಗಿಸುತ್ತದೆ. ಮೃದುವಾದ ಪ್ಲಾಸ್ಟಿಕ್ ಚಕ್ರಗಳಿಂದ ಒಸರುವ ಅಂಶ ಪಕ್ಕದ ಕಾರಿನ ಬಣ್ಣವನ್ನು ಕರಗಿಸಬಲ್ಲದು. ಆದುದರಿಂದ ಕಾರಿಗೆ ಕಾರು ತಾಗದಂತೆ ಇಡಬೇಕು. ವೃತ್ತಪತ್ರಿಕೆಯಲ್ಲಿ ಸುತ್ತುವುದು ನಮ್ಮ ರೂಢಿಯಾದರೂ ಅದರಲ್ಲಿ ಆಮ್ಲದ ಅಂಶವಿರುತ್ತದೆ; ಆಮ್ಲವಿಲ್ಲದ ತೆಳುಗಾಗದ ಅಥವಾ ಒಗೆದು ಒಣಗಿಸಿದ ಹತ್ತಿ ಬಟ್ಟೆ ಉತ್ತಮ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಅವು ತೇವದಿಂದ ತುಂಬಿದಾಗ ಬದಲಾಯಿಸುತ್ತಿರಬೇಕು. ಆಟಿಕೆ ಬಂದ ಮೂಲ ರಟ್ಟಿನ ಪೆಟ್ಟಿಗೆಯಿದ್ದರೆ ಅದನ್ನೂ ಎಸೆಯಬಾರದು. ಸಂಗ್ರಾಹಕನ ಕಣ್ಣಿಗೆ ಅದೂ ಆಟಿಕೆಯ ಒಂದು ಅಂಗ.

ಹೊಸ ಹೊಳಪೋ ಹಳೆಯ ಸತ್ಯವೋ

ಹೋದ ಹೊಳಪನ್ನು ಮತ್ತೆ ತರಬಾರದೆ ಎಂಬ ಪ್ರಶ್ನೆ ಸಹಜ. ತರಬಹುದು. ಅಂಟುಳ್ಳ ಲೋಹದ ತೆಳುಹಾಳೆಯನ್ನು ಹೊದಿಸಬಹುದು; ಭಾಗವನ್ನು ಬಿಚ್ಚಿ ವೃತ್ತಿನಿರತರಿಂದ ಮತ್ತೆ ಲೇಪ ಮಾಡಿಸಬಹುದು. ಮೊದಲನೆಯದನ್ನು ಬೇಡವೆನಿಸಿದಾಗ ತೆಗೆಯಬಹುದು. ಎರಡನೆಯದನ್ನು ಮಾಡಿಸಿದ ಮೇಲೆ ಮೂಲಸ್ಥಿತಿ ಮರಳುವುದಿಲ್ಲ. ಹಿಂತೆಗೆಯಲಾಗದ ಕೆಲಸವನ್ನು ಆದಷ್ಟು ಮಾಡಬಾರದೆಂಬುದು ವಸ್ತುಸಂಗ್ರಹಾಲಯದವರ ನೀತಿ. ಸಾಮಾನ್ಯವಾಗಿ ಸಂಗ್ರಾಹಕರೂ ಹೊಸದಾಗಿ ಲೇಪಿಸಿದ ಕಾರಿಗಿಂತ ಸ್ವಲ್ಪ ಸವೆದ ಮೂಲ ಕಾರಿಗೇ ಹೆಚ್ಚು ಬೆಲೆ ಕೊಡುತ್ತಾರೆ. ಲೇಪ ಮಾಡಿಸಿದ್ದನ್ನು ಮಾರುವಾಗ ಆ ಸಂಗತಿಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ.

ಆದರೆ ಎಲ್ಲ ಆಟಿಕೆಗಳೂ ಮಾರುವುದಕ್ಕಾಗಿ ಇರುವುದಿಲ್ಲ. ಆ ನೀಲಿ ಕಾರು ಈಗಲೂ ಗೊಂಬೆಗಳ ಉದ್ಯಾನದ ರಸ್ತೆಗೆ ಬರಬೇಕು. ಅದರ ಹಿಂದಿನ ಬಂಪರಿನಲ್ಲಿ ಹಳೆಯ ಹೊಳಪು ಇನ್ನೂ ಉಳಿದಿದೆ. ಪಾಡ್ಯದ ಬೆಳಿಗ್ಗೆ ಹಿರಿಯರು ಮೊಮ್ಮಗನ ಕೈಗೆ ಮೃದುವಾದ ಕುಂಚವೊಂದನ್ನು ಕೊಟ್ಟು, "ಧೂಳನ್ನು ಮಾತ್ರ ತೆಗೆಯಪ್ಪ, ತಿಕ್ಕಬೇಡ" ಎನ್ನುತ್ತಾರೆ. ಹುಡುಗ ಉಸಿರು ಬಿಗಿಹಿಡಿದು ಕುಂಚವನ್ನಾಡಿಸುತ್ತಾನೆ. ಸೊಸೆ ಕಾರನ್ನು ತಿರುಗಿಸಿ, ಹೊಳಪಿರುವ ಹಿಂಭಾಗ ನೋಡುವವರ ಕಡೆಗೆ ಬರುವಂತೆ ನಿಲ್ಲಿಸುತ್ತಾಳೆ.