ನಿಮಗಿದು ಗೊತ್ತೆ? ಪಿಶಾಚಿ ಬೇಟೆಗಾರ ಮೂಲತಃ ವೈದ್ಯ!

ಟಿವಿ ಸರಣಿಗಳ ರಕ್ತಪಿಶಾಚಿ ಬೇಟೆಗಾರರಿಗೆ ಮೂಲಪುರುಷ ಎನ್ನಬಹುದಾದ ವ್ಯಾನ್ ಹೆಲ್ಸಿಂಗ್ ಮಂತ್ರವಾದಿಯಲ್ಲ, ವೈದ್ಯ. ಬ್ರಾಮ್ ಸ್ಟೋಕರ್ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಅವನಿಂದ ಪಿಶಾಚಿಯನ್ನು ತಡೆಯಲು ಬೆಳ್ಳುಳ್ಳಿಯನ್ನೂ ಕಟ್ಟಿಸಿದ, ರೋಗಿಗೆ ರಕ್ತವನ್ನೂ ಕೊಡಿಸಿದ. 2020ರ ಬಿಬಿಸಿ ಸರಣಿ ಆ ಪಾತ್ರವನ್ನು ಅಗಾಥಾ ಎಂಬ ಸನ್ಯಾಸಿನಿಯಾಗಿಸಿದರೂ ಅವಳ ನಿಜವಾದ ಆಯುಧ ಪ್ರಶ್ನೆ ಕೇಳುವ ಬುದ್ಧಿಯೇ. ನಮ್ಮ ‘ಆಪ್ತಮಿತ್ರ’ (2004) ಇನ್ನೂ ಮುಂದೆ ಹೋಯಿತು. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಆಧರಿಸಿದ ಈ ಚಿತ್ರದಲ್ಲಿ ವಿಷ್ಣುವರ್ಧನ್ ಮನೋವೈದ್ಯ. ಸೇಡಿಗಾಗಿ ಕಾಡುವ ನಾಗವಲ್ಲಿಯೆಂಬುದು ದೆವ್ವವಲ್ಲ, ನಾಯಕಿ ಗಂಗಾಳ ಮನೋರೋಗ. ಹಾಗಿದ್ದರೆ ಅವಿನಾಶ್ ನಟಿಸಿದ ಆಚಾರ್ಯರ ಪೂಜೆ ಏಕೆ, ಅದು ಮೂಢನಂಬಿಕೆಗೆ ಶರಣಾದಂತಲ್ಲವೇ ಎಂಬ ಆಕ್ಷೇಪವುಂಟು. ಖಂಡಿತ ಅಲ್ಲ. ರೋಗಿ ನಂಬಿದ್ದನ್ನೇ ವೈದ್ಯ ಇಲ್ಲಿ ಚಿಕಿತ್ಸೆಯಾಗಿಸುತ್ತಾನೆ. ನಾಗವಲ್ಲಿಯ ಸೇಡು ತೀರುವುದು ಮನುಷ್ಯನ ಮೇಲಲ್ಲ, ಬೊಂಬೆಯ ಮೇಲೆ.