ಐತಿಹಾಸಿಕ ಕಾದಂಬರಿಯೂ ಬೆಳ್ಳಿಯ ತೆರೆಯೂ

ನಾಡಿನ ಪೂರ್ವಚರಿತ್ರೆಯನ್ನು ಜನಸಾಮಾನ್ಯರು ಅರಿಯುವುದು ಶಾಸನಗಳಿಂದಲ್ಲ, ಪಂಡಿತರ ಗ್ರಂಥಗಳಿಂದಲೂ ಅಲ್ಲ; ಕಥೆಯಿಂದ. ಹಿಂದೆ ಈ ಕಾರ್ಯವನ್ನು ಪುರಾಣಿಕರೂ ಲಾವಣಿಕಾರರೂ ಬಯಲಾಟದವರೂ ನಡೆಸುತ್ತಿದ್ದರು. ಅನಂತರ ಗಳಗನಾಥರೇ ಮೊದಲಾದ ಕಾದಂಬರಿಕಾರರು ಆ ಭಾರವನ್ನು ಹೊತ್ತರು. ಇಂದು ಅದು ಬಹುಮಟ್ಟಿಗೆ ಚಲಚ್ಚಿತ್ರದ ಕೈಸೇರಿದೆ. ಕಾದಂಬರಿಯನ್ನು ಓದಿದವರು ಕೆಲವರು; ಅದರ ಚಿತ್ರವನ್ನು ನೋಡಿದವರು ಅಸಂಖ್ಯರು. ಆದುದರಿಂದ ಐತಿಹಾಸಿಕ ಕಾದಂಬರಿಯನ್ನು ತೆರೆಗೆ ತರುವವರಿಗೆ ಸಲ್ಲುವ ಸ್ವಾತಂತ್ರ್ಯವೆಷ್ಟು, ಅವರ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನು ಕೇವಲ ವಿನೋದದ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಸ್ವಾತಂತ್ರ್ಯವು ಬೇಕೆಂಬುದನ್ನು ಮೊದಲೇ ಒಪ್ಪಿಬಿಡೋಣ. ತಮಿಳಿನ ಕಲ್ಕಿಯವರು 1950ರಿಂದ 1954ರವರೆಗೆ ವಾರವಾರವೂ ಬರೆದ ‘ಪೊನ್ನಿಯಿನ್ ಸೆಲ್ವನ್’ ಐದು ಭಾಗಗಳ ಮಹಾಕಥೆ. ಮಣಿರತ್ನಂ ಅವರು ಅದನ್ನು 2022 ಮತ್ತು 2023ರಲ್ಲಿ ಎರಡು ಚಿತ್ರಗಳಾಗಿ, ಸುಮಾರು ಐದೂವರೆ ಗಂಟೆಗಳಲ್ಲಿ ಅಡಗಿಸಬೇಕಾಯಿತು. ಕಾದಂಬರಿಕಾರನು ಹತ್ತು ಪುಟಗಳಲ್ಲಿ ಬಣ್ಣಿಸಿದ ಮನಸ್ಸಿನ ತಳಮಳವನ್ನು ನಟನು ಒಂದು ನೋಟದಲ್ಲಿ ತೋರಿಸಬೇಕು, ಉಪಕಥೆಗಳನ್ನು ಕತ್ತರಿಸಬೇಕು. ಇದನ್ನು ಅಪಚಾರವೆನ್ನುವವರು ಕಲೆಯ ಮರ್ಮವನ್ನು ಅರಿತವರಲ್ಲ. ಆದರೆ ಕೊಂಬೆಯನ್ನು ಸವರುವುದು ಬೇರೆ, ಬೇರನ್ನು ಕೀಳುವುದು ಬೇರೆ.

ಇದಕ್ಕೆ ನಮ್ಮ ತ. ರಾ. ಸುಬ್ಬರಾಯರ ‘ಹಂಸಗೀತೆ’ಗಿಂತ ಉತ್ತಮವಾದ ನಿದರ್ಶನವು ದೊರೆಯದು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆಯಾದ ಈ ಒಂದೇ ಕಾದಂಬರಿಯು ಎರಡು ಬಾರಿ ತೆರೆಯನ್ನೇರಿತು. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ ಇದನ್ನೇ ಆಧರಿಸಿದ್ದು. ಅದರಲ್ಲಿ ದುರ್ಗದ ಕಲ್ಲುಬಂಡೆಗಳಿಲ್ಲ, ವೆಂಕಟಸುಬ್ಬಯ್ಯನ ಹೆಸರೂ ಇಲ್ಲ. ನಾಯಕನು ಗೋಪಾಲನಾದನು, ಕರ್ಣಾಟಕ ಸಂಗೀತದ ಸ್ಥಾನದಲ್ಲಿ ಹಿಂದೂಸ್ಥಾನೀ ಸಂಗೀತವು ಬಂದಿತು. ನಮ್ಮ ಗದುಗಿನ ಭೀಮಸೇನ ಜೋಶಿಯವರು ಮನ್ನಾ ಡೇ ಅವರೊಡನೆ ಹಾಡಿದ ಸ್ಪರ್ಧೆಯ ಗೀತವು ಆ ಚಿತ್ರದ್ದೇ. ಬಳಿಕ 1975ರಲ್ಲಿ ಜಿ. ವಿ. ಅಯ್ಯರ್ ಅವರು ಅನಂತನಾಗ್ ಅವರನ್ನು ನಾಯಕನನ್ನಾಗಿಸಿ ಕನ್ನಡದಲ್ಲಿ ‘ಹಂಸಗೀತೆ’ಯನ್ನು ತೆಗೆದರು. ಅದರಲ್ಲಿ ಕಥೆಯು ತನ್ನ ಮಣ್ಣಿಗೆ ಮರಳಿತು. ಅದರ ಗಾಯನಕ್ಕಾಗಿ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿಯು ಸಂದಿತು. ಪ್ರಣಯವು ಅಲ್ಲಿಯೂ ಉಂಟು. ಆದರೆ ಮೂಗಿಗಿಂತ ಮೂಗುತಿ ಭಾರವಾಗಲಿಲ್ಲ. ಸಂಗೀತಗಾರನ ಸಾಧನೆಯೂ ಅವನ ಆತ್ಮಗೌರವವೂ ಕಥೆಯ ಪ್ರಾಣವಾಗಿಯೇ ಉಳಿದವು.

ಈ ಎರಡರಲ್ಲಿ ನಮಗೆ ಕನ್ನಡದ ಚಿತ್ರವೇ ಪ್ರಿಯವೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ಹಿಂದಿಯ ಚಿತ್ರವು ಚರಿತ್ರೆಗೆ ದ್ರೋಹವೆಸಗಿತೆಂದು ನಾವು ದೂರುವುದಿಲ್ಲ. ಹೆಸರನ್ನು ಬಿಟ್ಟು, ಊರನ್ನು ಬಿಟ್ಟು, ಕಥೆಯನ್ನು ಮಾತ್ರ ತೆಗೆದುಕೊಂಡುದರಿಂದ ಅದನ್ನು ನೋಡಿದ ಯಾವನೂ ಇದೇ ದುರ್ಗದ ಚರಿತ್ರೆಯೆಂದು ನಂಬಿ ಮೋಸಹೋಗಲಾರನು. ಅಪಾಯವಿರುವುದು ಹೆಸರನ್ನು ಉಳಿಸಿಕೊಂಡು ತಿರುಳನ್ನು ಬದಲಿಸುವಲ್ಲಿ.

ಅದೇ 1975ರಲ್ಲಿ ಬಂದ ‘ಮಯೂರ’ವನ್ನು ನೋಡಿರಿ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ರಾಜಕುಮಾರ್ ಅವರ ಗಾಂಭೀರ್ಯವು ಕನ್ನಡಿಗರ ಹೃದಯವನ್ನು ಸೂರೆಗೊಂಡಿತು. ಕದಂಬರ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿಯು ಅದಕ್ಕೆ ಸಲ್ಲಬೇಕು. ಆದರೆ ತೆರೆಯ ಮಯೂರನು ಹುಟ್ಟಿನಿಂದಲೇ ರಾಜಪುತ್ರ. ತಾನಾರೆಂದು ತಿಳಿಯದೆ ಬ್ರಾಹ್ಮಣರ ಮನೆಯಲ್ಲಿ ಬೆಳೆದವನು. ಶಿವಮೊಗ್ಗೆ ಜಿಲ್ಲೆಯ ತಾಳಗುಂದದ ಕಂಬದ ಮೇಲೆ ಕುಬ್ಜಕವಿಯು ಹೇಳಿರುವ ಕಥೆಯೇ ಬೇರೆ. ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ ಅವಮಾನಿತನಾದನು. ದರ್ಭೆಯನ್ನು ಹಿಡಿದ ಕೈಯಿಂದಲೇ ಕತ್ತಿಯನ್ನು ಹಿಡಿದು ರಾಜ್ಯವನ್ನು ಕಟ್ಟಿದನು. ಅವನು ಶರ್ಮನೇ, ಮಗನಾದ ಕಂಗವರ್ಮನಿಂದ ಮುಂದೆ ವಂಶವು ವರ್ಮವಾಯಿತು.

ಈ ಎರಡು ಕಥೆಗಳಲ್ಲಿ ದೊಡ್ಡದು ಯಾವುದು? ಕಳೆದುಹೋದ ಸಿಂಹಾಸನವನ್ನು ರಾಜಪುತ್ರನು ಮರಳಿ ಪಡೆದುದೇ? ಅಥವಾ ಸಿಂಹಾಸನವೇ ಇಲ್ಲದ ವಿದ್ಯಾರ್ಥಿಯೊಬ್ಬನು ಅಪಮಾನವನ್ನು ಸಹಿಸದೆ ಸ್ವಭುಜಬಲದಿಂದ ಸಿಂಹಾಸನವನ್ನು ಸೃಷ್ಟಿಸಿದುದೇ? ಎರಡನೆಯದೇ ದೊಡ್ಡದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆಳುವುದಕ್ಕೆ ಅರಸುಕುಲದಲ್ಲಿ ಹುಟ್ಟಿರಬೇಕೆಂಬ ಭಾವನೆಯನ್ನು ಮೊದಲನೆಯದು ಬಲಪಡಿಸುತ್ತದೆ; ಪುರುಷಪ್ರಯತ್ನದಿಂದ ಸಾಧ್ಯವಾಗದುದಿಲ್ಲವೆಂದು ಎರಡನೆಯದು ಸಾರುತ್ತದೆ. ಪ್ರಜಾಪ್ರಭುತ್ವದ ನಾಡಿನ ತರುಣರಿಗೆ ಯಾವುದು ಹಿತವೆಂದು ವಾಚಕರೇ ನಿರ್ಣಯಿಸಲಿ.

ಚಿತ್ರವು ಪಾಠಶಾಲೆಯಲ್ಲ, ಜನರು ಹಣ ಕೊಟ್ಟು ಬರುವುದು ಸಂತೋಷಕ್ಕಾಗಿ ಎಂದು ನಿರ್ಮಾಪಕರು ಹೇಳುವರು. ಇದು ನಿಜ. ನಾವೂ ಶಾಸನದ ಉಪನ್ಯಾಸವನ್ನು ತೆರೆಯ ಮೇಲೆ ಬೇಡುತ್ತಿಲ್ಲ. ಚರಿತ್ರೆಯು ಮೌನವಾಗಿರುವೆಡೆಗಳು ಅನೇಕವುಂಟು: ನಾಯಕನು ಯಾರನ್ನು ಪ್ರೀತಿಸಿದನು, ಯಾವ ಮಾತಿಗೆ ಕಣ್ಣೀರಿಟ್ಟನು ಎಂಬುದನ್ನು ಯಾವ ಕಂಬವೂ ಹೇಳದು. ಅಲ್ಲಿ ಕಲ್ಪನೆಯು ಸ್ವೇಚ್ಛೆಯಾಗಿ ವಿಹರಿಸಲಿ. ಆದರೆ ಚರಿತ್ರೆಯು ಬಾಯಿಬಿಟ್ಟು ಹೇಳಿರುವೆಡೆಯಲ್ಲಿ, ಅದರಲ್ಲಿಯೂ ನಾಯಕನನ್ನು ನಾಯಕನನ್ನಾಗಿ ಮಾಡಿದ ಆ ಒಂದು ಕೃತ್ಯದ ವಿಷಯದಲ್ಲಿ, ಕೈಯಾಡಿಸುವುದು ತರವಲ್ಲ. ಬದಲಿಸಲೇಬೇಕಾದರೆ ಹೆಸರನ್ನೂ ಬದಲಿಸುವುದು ಪ್ರಾಮಾಣಿಕ ಮಾರ್ಗ. ಅದೂ ಆಗದಿದ್ದರೆ, ಶಾಸನವು ಹೀಗೆ ಹೇಳುತ್ತದೆ, ನಮ್ಮ ಕಥೆಯು ಹೀಗೆ ಹೇಳುತ್ತದೆ ಎಂಬ ಎರಡು ಸಾಲುಗಳನ್ನು ಚಿತ್ರದ ಕೊನೆಯಲ್ಲಿಯಾದರೂ ತೋರಿಸಲಿ. ಇದರಿಂದ ಹಣದ ಪೆಟ್ಟಿಗೆಗೆ ನಷ್ಟವೇನೂ ಆಗದು.

ತ. ರಾ. ಸು. ಅವರ ‘ದುರ್ಗಾಸ್ತಮಾನ’, ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಮುಂತಾದ ಕೃತಿಗಳು ನಮ್ಮ ಭಂಡಾರದಲ್ಲಿವೆ. ಅವುಗಳಿಗೆ ಕೈಹಾಕುವ ಸಾಹಸಿಗಳನ್ನು ನಾವು ಸಂತೋಷದಿಂದ ಸ್ವಾಗತಿಸುವೆವು. ಕ್ಯಾಮರಾವನ್ನು ಹೂಡುವ ಮುನ್ನ ಅವರು ಒಮ್ಮೆ ಆ ಸ್ಥಳಕ್ಕೆ ಹೋಗಿ, ಅಲ್ಲಿಯ ಕಲ್ಲುಗಳನ್ನು ಬಲ್ಲವರಿಂದ ಓದಿಸಿ ಕೇಳಲಿ. ಪೂರ್ವಜರ ಹೆಸರನ್ನು ಎರವಲು ಪಡೆದವರು ಅದನ್ನು ಮಾಸದಂತೆ ಮುಂದಿನವರಿಗೆ ಒಪ್ಪಿಸಬೇಕಾದುದು ಧರ್ಮ.