ಕಾರಂಜಾದ ನೀರು ಕುಡಿಯಲು ಯೋಗ್ಯವಾಗುವ ಬಗೆ

ಬೀದರ ನಗರಕ್ಕೆ ಕುಡಿಯುವ ನೀರು ಒದಗಿಸುವ ಕಾರಂಜಾ ಜಲಾಶಯವು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಇದೆ. ಮುಂಗಾರಿನ ಮೊದಲ ಮಳೆಗಳಲ್ಲಿ ಹೊಲಗಳ ಮಣ್ಣು, ಸಗಣಿ, ಕಸಕಡ್ಡಿಗಳು ಹಳ್ಳಗಳ ಮೂಲಕ ಜಲಾಶಯ ಸೇರುತ್ತವೆ. ಆದ್ದರಿಂದ ಇಂಥ ನೀರನ್ನು ಶುದ್ಧೀಕರಿಸಿಯೇ ನಲ್ಲಿಗೆ ಬಿಡಬೇಕಾಗುತ್ತದೆ.

ಶುದ್ಧೀಕರಣದ ಹಂತಗಳು

ಎರೆಮಣ್ಣಿನ ಜೇಡಿಕಣಗಳು ಬಲು ಸಣ್ಣವು. ಇವುಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತ ದಿನಗಟ್ಟಲೆ ನೀರಿನಲ್ಲಿ ತೇಲುತ್ತಿರುತ್ತವೆ. ಶುದ್ಧೀಕರಣ ಘಟಕದಲ್ಲಿ ನೀರಿಗೆ ಪಟಿಕದ ದ್ರಾವಣ ಸೇರಿಸಿ, ಮೊದಲು ರಭಸವಾಗಿ, ಅನಂತರ ನಿಧಾನವಾಗಿ ಕಲಕಲಾಗುತ್ತದೆ. ಆಗ ಕಣಗಳು ಒಂದಕ್ಕೊಂದು ಅಂಟಿ ಹಿಂಜಿದ ಹತ್ತಿಯಂಥ ಗಂಟುಗಳಾಗುತ್ತವೆ. ಮುಂದಿನ ತೊಟ್ಟಿಯಲ್ಲಿ ನೀರು ಕೆಲವು ಗಂಟೆ ನಿಂತಾಗ ಇವು ತಳ ಸೇರುತ್ತವೆ.

ಉಳಿದ ಕಣಗಳನ್ನು ಮರಳಿನ ಹಾಸು ತಡೆಯುತ್ತದೆ. ಮರಳಿನ ಕೆಳಗೆ ಜಲ್ಲಿ ಇರುತ್ತದೆ. ಹಾಸು ಕಟ್ಟಿಕೊಂಡಾಗ ಕೆಳಗಿನಿಂದ ನೀರು ಹಾಯಿಸಿ ತೊಳೆಯುತ್ತಾರೆ. ಹೀಗೆ ಸೋಸಿದ ನೀರು ತಿಳಿಯಾಗಿದ್ದರೂ ರೋಗಾಣುಗಳು ಉಳಿದಿರುತ್ತವೆ. ಅವುಗಳನ್ನು ಕೊಲ್ಲಲು ಕ್ಲೋರಿನ್ ಬೆರೆಸಿ ಅರ್ಧ ಗಂಟೆಯಾದರೂ ಬಿಡಬೇಕು. ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಘಟಕ ತೆಗೆಯಲಾರದ್ದು

ಸಾಮಾನ್ಯ ಘಟಕವು ಕೆಸರನ್ನೂ ರೋಗಾಣುಗಳನ್ನೂ ನಿವಾರಿಸುತ್ತದೆ. ಆದರೆ ನೀರಿನಲ್ಲಿ ಕರಗಿದ ನೈಟ್ರೇಟನ್ನು ತೆಗೆಯುವುದಿಲ್ಲ. ಕುದಿಸಿದರೂ ಅದು ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೈಟ್ರೇಟ್ ಹಸುಗೂಸುಗಳಿಗೆ ಅಪಾಯಕಾರಿ. ಯೂರಿಯಾ ಮತ್ತು ತಿಪ್ಪೆಯ ಸಾರವು ಬಸಿದು ಹೋಗುವುದು ಇದರ ಮುಖ್ಯ ಮೂಲಗಳಲ್ಲಿ ಒಂದು. ಆದ್ದರಿಂದ ನೀರಿನ ರಕ್ಷಣೆ ಹೊಲದಲ್ಲಿಯೇ ಆರಂಭವಾಗಬೇಕು.

ರೈತರು ಗಮನಿಸಬೇಕಾದ ಅಂಶಗಳು

1. ಕಬ್ಬಿಗೆ ಯೂರಿಯಾವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡಬೇಕು. ತೊಗರಿ, ಸೋಯಾ ಅವರೆಗಳು ಗಾಳಿಯ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಅವುಗಳಿಗೆ ಹೆಚ್ಚು ಯೂರಿಯಾ ಬೇಕಿಲ್ಲ.

2. ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಬದುಗಳಲ್ಲಿ ಹುಲ್ಲು ಬೆಳೆಸಬೇಕು.

3. ಸಿಂಪರಣಾ ಯಂತ್ರಗಳನ್ನು ಹಳ್ಳ, ಬಾವಿಗಳಲ್ಲಿ ತೊಳೆಯಬಾರದು. ತಿಪ್ಪೆಯು ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ.

ಔರಾದ ತಾಲ್ಲೂಕಿನಲ್ಲಾಗಲಿ, ಬೇರೆಡೆಯಾಗಲಿ, ಬಾವಿಯ ನೀರನ್ನೇ ಕುಡಿಯುವ ಹಳ್ಳಿಗಳಲ್ಲಿ ಮೇಲಿನ ಹಂತಗಳಾವುವೂ ಇರುವುದಿಲ್ಲ. ಅಲ್ಲಿ 1000 ಲೀಟರ್ ತಿಳಿನೀರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ಕದಡಿ, ತಿಳಿಯನ್ನಷ್ಟೇ ಬೆರೆಸಿ, ಒಂದು ಗಂಟೆಯ ನಂತರ ಬಳಸಬೇಕು. ಪುಡಿಯೂ ನೈಟ್ರೇಟನ್ನು ತೆಗೆಯಲಾರದು. ಆದ್ದರಿಂದ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಅವಶ್ಯ.